ನೇರಳೆ ಬೆನ್ನಿನ ಕುರ್ಚಿ

ಬುಗುರಿ,

ಹಾಗೆ ಕರೆದರೆ ಈಗ ನಿನಗೆ ಅವಮಾನವಾಗುತ್ತದಂತೆ. ಪಕ್ಕದ ಇಸ್ತ್ರಿ ಅಂಗಡಿಯವಳು ಹೇಳಿದಳು. ಚುನಾವಣೆ ಹೊತ್ತಿನಲ್ಲಿ ಬೀದಿಯ ಮೂಲೆಯಲ್ಲಿ ನಿನ್ನ ಫೋಟೋ ಇದ್ದ ಬ್ಯಾನರ್ ಕಟ್ಟಿದ್ದರಂತೆ, ನಿನ್ನ ಹೆಸರಿನ ಹಿಂದೆ ‘ಯುವ ನಾಯಕ’ ಎಂದು ಬರೆಸಿದ್ದರಂತೆ. ಐವತ್ತು ಹತ್ತಿರ ಬಂದ ಯುವ ನಾಯಕ! ಅಪ್ಪನ ಅಂಗಡಿಯಲ್ಲಿ ಬಾಡಿಗೆ ಕುರ್ಚಿಗಳ ಸಂದಿಯಲ್ಲಿ ಗಿರಗಿರನೆ ಸುತ್ತುತ್ತಿದ್ದವನಿಗೆ ಬುಗುರಿ ಎಂದು ಹೆಸರಿಟ್ಟವಳು ನಾನು. ನಾನು ಹಾಗೇ ಕರೆಯುತ್ತೇನೆ. ಸಿಟ್ಟು ಬಂದರೆ ಬರಲಿ. ನನಗೆ ಬಂದಿರುವ ಸಿಟ್ಟಿನ ಮುಂದೆ ನಿನ್ನದು ಯಾವ ಲೆಕ್ಕ?

ಫೋನಿನಲ್ಲಿ ಹೇಳೋಣವೆಂದರೆ ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಎದುರಿಗೆ ಕೂರಿಸಿಕೊಂಡು ಹೇಳೋಣವೆಂದರೆ ಹೆಂಡತಿಯ ತವರಿಗೆ ಹೋಗಿ ಮುಸುಕು ಹೊದ್ದು ಮಲಗಿದ್ದೀಯ. ಅದಕ್ಕೇ ಈ ಕಾಗದ. ಇದನ್ನು ನಿನ್ನ ಹೆಂಡತಿಯ ಹೆಸರಿಗೇ ಅಂಚೆಗೆ ಹಾಕುತ್ತಿದ್ದೇನೆ. ನೀನು ಓದದೆ ಹೋದರೆ, ಎಲ್ಲರೂ ಊಟಕ್ಕೆ ಕೂತಾಗ ಅವಳೇ ಗಟ್ಟಿಯಾಗಿ ಓದುತ್ತಾಳೆ. ಹಾಗೆಂದು ನನಗೆ ಮಾತು ಕೊಟ್ಟಿದ್ದಾಳೆ.

ಮಗಳ ಹೆರಿಗೆಗೆಂದು ನಾನು ಹೊರದೇಶಕ್ಕೆ ಹೋಗಿ ಮೂರು ತಿಂಗಳು ಇದ್ದೆನಲ್ಲ, ಅಲ್ಲಿ ನನಗೆ ಇದ್ದ ಕೆಲಸ ಎರಡೇ. ಮಡಿಲಲ್ಲಿ ಮಗು, ಎದುರಿಗೆ ಟೀವಿ. ಟೀವಿಯಲ್ಲಿ ಬರೀ ಚುನಾವಣೆ. ಈ ವರ್ಷ ಪ್ರಪಂಚದ ಅರ್ಧಕ್ಕರ್ಧ ಜನ ಮತ ಹಾಕುತ್ತಾರೆ ಎಂದು ಅಳಿಯ ಹೇಳುತ್ತಿದ್ದ. ಒಂದು ದೇಶದಲ್ಲಿ ತಲೆತಲಾಂತರ ಅಲ್ಲಾಡದೆ ಕೂತಿದ್ದವರು ಬಿದ್ದರು. ಇನ್ನೊಂದರಲ್ಲಿ ಕಾಲೇಜು ಹುಡುಗರು ಬೀದಿಗಿಳಿದ ಮೇಲೆ ದೊಡ್ಡವರು ಗಂಟುಮೂಟೆ ಕಟ್ಟಿದರು. ಮತ್ತೊಂದರಲ್ಲಿ ಜನ ಛೀ ಥೂ ಎಂದು ಓಡಿಸಿದವನನ್ನೇ ಮತ್ತೆ ಕರೆದುಕೊಂಡು ಬಂದರು. ಭಾಷೆ ನನಗೆ ಎಲ್ಲಿ ಅರ್ಥವಾಗಬೇಕು? ನನ್ನ ಕಣ್ಣು ಹೋಗುತ್ತಿದ್ದುದು ಜನ ಕೂತ ಕುರ್ಚಿಗಳ ಕಡೆಗೆ. ಬುಗುರಿ, ಎಲ್ಲ ಕಡೆಯೂ ಅದೇ ಬಿಳಿ ಪ್ಲಾಸ್ಟಿಕ್ ಕುರ್ಚಿ ಕಣೋ! ನಮ್ಮಲ್ಲಿರುವಂಥದ್ದೇ. ಬೆನ್ನಿಗೆ ಉದ್ದುದ್ದ ಸೀಳು, ಕಾಲು ಸ್ವಲ್ಪ ಅಗಲ, ದಪ್ಪನೆಯವರು ಕೂತರೆ ಹಿಂದಕ್ಕೆ ಬಾಗುವಂಥದ್ದು. ಮರಳುಗಾಡಿನಲ್ಲಿ, ಹಿಮ ಬೀಳುವ ಊರಿನಲ್ಲಿ, ಹಡಗುಕಟ್ಟೆಯಲ್ಲಿ, ಮತಗಟ್ಟೆಯ ಬಾಗಿಲಲ್ಲಿ. ಅಷ್ಟು ದೂರದಲ್ಲಿ ಕೂತು ನನಗೆ ನಮ್ಮ ಅಂಗಡಿಯ ನೆನಪಾಗಿ ಹೆಮ್ಮೆಯಾಗುತ್ತಿತ್ತು. ಇಲ್ಲಿ ನೀನು ಏನು ಮಾಡಿಕೊಂಡು ಕೂತಿದ್ದೀಯ ಎಂದು ಆಗ ನನಗೆ ಗೊತ್ತಿರಲಿಲ್ಲ.

ಅಪ್ಪ ಅಂಗಡಿಯನ್ನು ನಮ್ಮಿಬ್ಬರ ಹೆಸರಿಗೆ ಬರೆದಿಟ್ಟ ದಿನ ನಿನಗೂ ನನಗೂ ಒಂದೇ ಮಾತು ಹೇಳಿದ್ದ. “ಬಾಡಿಗೆಗೆ ಬಂದವ್ರು ಯಾವ ಪಕ್ಷ ಅಂತ ಕೇಳ್ಬೇಡಿ. ಎಷ್ಟು ಜನ ಬರ್ತಾರೆ ಅಂತ ಕೇಳಿ.” ಬೆಳಿಗ್ಗೆ ಒಂದು ಪಕ್ಷದ ಸಭೆಗೆ ಹೋದ ಕುರ್ಚಿ ಸಂಜೆ ಇನ್ನೊಂದರ ಸಭೆಗೆ ಹೋಗುತ್ತಿತ್ತು. ನಡುವೆ ನಾವಿಬ್ಬರೂ ಬಕೆಟ್ ಹಿಡಿದುಕೊಂಡು ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಬೇಕಿತ್ತು. ಯಾಕೆಂದು ನೀನು ಗೊಣಗಿದರೆ ಅಪ್ಪ ಹೇಳುತ್ತಿದ್ದ, “ಒಬ್ರ ಬಿಸಿ ಇನ್ನೊಬ್ರಿಗೆ ತಾಗ್ಬಾರ್ದು ಕಣೋ.” ಕುರ್ಚಿಗಾಗಿ ಕಿತ್ತಾಟ ಎಂದು ಪತ್ರಿಕೆಯವರು ಬರೆದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಕಿತ್ತಾಡೋದ್ಯಾಕೆ? ನಮ್ಮಲ್ಲಿ ರಾಶಿ ಬಿದ್ದಿದೆ, ಬಂದು ತಗೊಂಡು ಹೋಗ್ಲಿ!”

ಇನ್ನೊಂದು ಪದ್ಧತಿಯೂ ಇತ್ತು. ಸಾವಿನ ಮನೆಯವರು ಬಂದು ಕೇಳುವಂತಾಗಬಾರದು. ಸುದ್ದಿ ಕಿವಿಗೆ ಬಿದ್ದ ತಕ್ಷಣ ತಳ್ಳುಗಾಡಿಯಲ್ಲಿ ಕುರ್ಚಿ ಹೊರಡಬೇಕು, ಬಾಡಿಗೆಯ ಮಾತೇ ಇಲ್ಲ. ಅಪ್ಪ ಅಂಗಿ ಹಾಕಿಕೊಳ್ಳಲೂ ನಿಲ್ಲುತ್ತಿರಲಿಲ್ಲ, ಬನಿಯನ್ನಿನಲ್ಲೇ ಗಾಡಿ ತಳ್ಳಿಕೊಂಡು ಓಡುತ್ತಿದ್ದ. “ಅಳೋರಿಗೆ ಮೊದ್ಲು ಕೂರೋಕೆ ಜಾಗ ಬೇಕು” ಎನ್ನುತ್ತಿದ್ದ. ಅಪ್ಪನೇ ಹೋದ ದಿನ ನೀನು ಮೂಲೆಯಲ್ಲಿ ಮಂಕು ಬಡಿದವನಂತೆ ಕೂತಿದ್ದೆ. ನಮ್ಮದೇ ಅಂಗಡಿಯಿಂದ ನಮ್ಮ ಮನೆಗೆ ಕುರ್ಚಿ ತಂದು ಹಾಕಿದವನು ಯಾರು? ಎದುರುಮನೆಯ ಟೈಲರ್ ಮಾಮ. ನೆನಪಿದೆಯೋ, ಅದನ್ನೂ ಬ್ಲಾಕ್ ಮಾಡಿದ್ದೀಯೋ?

ಟೈಲರ್ ಮಾಮನ ಬಗ್ಗೆ ನಿನಗೆ ನಾನು ಹೇಳಿಕೊಡಬೇಕೇ? ಬೀದಿಯ ಆಚೆ ಅವನ ಹೊಲಿಗೆ ಯಂತ್ರ, ಈಚೆ ನಮ್ಮ ಕುರ್ಚಿಗಳು. ನಮ್ಮ ಅಮ್ಮ ಆಸ್ಪತ್ರೆ ಸೇರಿದಾಗಲೆಲ್ಲ ನಾವು ಉಂಡದ್ದು, ಮಲಗಿದ್ದು ಮಾಮನ ಹೆಂಡತಿ ಅತ್ತೆಯ ಮಡಿಲಲ್ಲಿ, ಅವರ ಮನೆಯಲ್ಲಿ. ಮದುವೆಗೆ ಹೋಗುವ ಕುರ್ಚಿಗಳಿಗೆ ಬಿಳಿ ಗೌಸು ಹೊಲಿದುಕೊಟ್ಟವನು ಅವನೇ. “ಒಳಗಡೆ ಬಟ್ಟೆ ಬಿಟ್ಟಿದೀನಿ, ಮುಂದೆ ದೊಡ್ಡ ಕುರ್ಚಿ ತಗೊಂಡ್ರೆ ಹೊಲಿಗೆ ಬಿಚ್ಚಿ ಹಾಕ್ಕೊಳ್ಳಿ” ಎಂದಿದ್ದ. ನಾವು ದೊಡ್ಡವರಾಗುತ್ತೇವೆಂದು ಅಷ್ಟು ನಂಬಿಕೆ ಅವನಿಗೆ.

ಮತದಾನಕ್ಕೆ ವಾರವಿರುವಾಗ ಅವನು ತೀರಿಕೊಂಡ. ನೀನೇ ನನಗೆ ಫೋನ್ ಮಾಡಿದೆ. “ಎಲ್ಲಾ ಸುಸೂತ್ರವಾಗಿ ಆಯ್ತು ಅಕ್ಕ, ನೀನೇನೂ ಚಿಂತೆ ಮಾಡ್ಬೇಡ” ಎಂದೆ. ನಾನು ಮಗುವನ್ನು ಎತ್ತಿಕೊಂಡೇ ಅತ್ತುಬಿಟ್ಟೆ. ನೀನಾದರೂ ಅಲ್ಲಿದ್ದೀಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಎಷ್ಟು ಸಲೀಸಾಗಿ ಸುಳ್ಳು ಹೇಳಿದೆಯೋ! ಬಂದ ಮೇಲೆ ಇಸ್ತ್ರಿ ಅಂಗಡಿಯವಳು ಎಲ್ಲ ಬಿಡಿಸಿ ಹೇಳಿದಳು. ಮಾಮನ ಮಗ ಎದುರು ಪಕ್ಷದ ಕರಪತ್ರ ಹಂಚುತ್ತಿದ್ದನಂತೆ, ನಿನಗೂ ಅವನಿಗೂ ನಡುಬೀದಿಯಲ್ಲಿ ಕೈ ಕೈ ಮಿಲಾಯಿಸುವಷ್ಟು ಜಗಳವಾಗಿತ್ತಂತೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು! ಆ ಬೆಳಿಗ್ಗೆ ಎದುರುಮನೆಯಿಂದ ಅಳು ಕೇಳಿಸಿದಾಗ ನೀನು ಅಂಗಡಿಯ ಶಟರ್ ಎಳೆದುಕೊಂಡು ಒಳಗೆ ಕೂತೆಯಂತೆ. ಗಾಡಿ ಹೊರಡಲಿಲ್ಲ. ಕೊನೆಗೆ ಅತ್ತೆಯ ತಂಗಿ ಬಂದು ಶಟರ್ ಬಡಿದು ಕೇಳಿದಳಂತೆ. ಈ ಬೀದಿಯಲ್ಲಿ ಸಾವಿನ ಮನೆಯವರು ನಮ್ಮ ಬಾಗಿಲಿಗೆ ಬಂದು ಕುರ್ಚಿ ಕೇಳಿದ್ದು ಅದೇ ಮೊದಲು. ನೀನು ಏನೆಂದೆ? “ಅವರ ಪಕ್ಷದೋರನ್ನೇ ಕೇಳಿ, ತಂದ್ಕೊಡ್ತಾರೆ.”

ಈ ಮಾತನ್ನು ಬರೆಯಲು ನಾನು ಎರಡು ಸಲ ಪೆನ್ನು ಕೆಳಗಿಟ್ಟೆ. ಆಡುವಾಗ ನಿನ್ನ ನಾಲಿಗೆ ಹೇಗೆ ತಡವರಿಸಲಿಲ್ಲ?

ಬಂದವರು ಎಲ್ಲಿ ಕೂತರು ಗೊತ್ತಾ? ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ, ಚಿಂದಿಯ ಮೂಟೆಗಳ ಮೇಲೆ. ಮಾಮನ ಅಣ್ಣ, ಮಂಡಿ ಮಡಚಲಾಗದ ಆ ಮುದುಕರು, ಬೀದಿ ದಾಟಿ ಬಂದು ನಮ್ಮ ಶಟರಿಗೆ ಒರಗಿಕೊಂಡು ಮಧ್ಯಾಹ್ನದವರೆಗೂ ನಿಂತಿದ್ದರಂತೆ. ಅವರ ಬೆನ್ನ ಹಿಂದೆ, ತಗಡಿನ ಒಳಗೆ, ಸೂರು ಮುಟ್ಟುವಷ್ಟು ಕುರ್ಚಿ. ಅದರ ನಡುವೆ ನೀನು. ನೀನು ಯಾವುದರ ಮೇಲೆ ಕೂತಿದ್ದೆ ಬುಗುರಿ? ಹಾಯಾಗಿತ್ತಾ?

ನಾನು ಅತ್ತೆಯ ಹತ್ತಿರ ಹೋದಾಗ ಅವಳು ನಿನ್ನ ಮೇಲೆ ಒಂದು ದೂರೂ ಹೇಳಲಿಲ್ಲ. “ಅವನು ಊರಲ್ಲಿರ್ಲಿಲ್ವೇನೋ ಅಂದ್ಕೊಂಡೆ” ಎಂದಳು. ಶಟರ್ ಬಡಿದ ಸದ್ದು ಅವಳ ಮನೆಯೊಳಗೂ ಕೇಳಿಸಿರುತ್ತದೆ, ನೀನು ಹೇಳಿದ ಮಾತೂ ತಲುಪಿರುತ್ತದೆ. ಆದರೂ ನಿನ್ನ ಮಾನ ಉಳಿಸಲು ಅವಳೇ ಒಂದು ಸುಳ್ಳು ಹುಡುಕಿಕೊಟ್ಟಳು. ನಾನು ತಲೆ ತಗ್ಗಿಸಿಕೊಂಡು ಎದ್ದು ಬಂದೆ.

ಇಷ್ಟೆಲ್ಲ ಯಾರಿಗಾಗಿ ಮಾಡಿದೆ ಹೇಳು. ಫಲಿತಾಂಶ ಬಂತು, ನಿನ್ನ ಪಕ್ಷಕ್ಕೂ ಬಹುಮತವಿಲ್ಲ, ಅವರಿಗೂ ಇಲ್ಲ. ವಾರ ಕಳೆಯುವುದರೊಳಗೆ ನಿನ್ನ ನಾಯಕರೂ ಅವರ ನಾಯಕರೂ ಅಕ್ಕಪಕ್ಕ ಕೂತು ಒಬ್ಬರ ಬಾಯಿಗೆ ಒಬ್ಬರು ಸಿಹಿ ತಿನ್ನಿಸಿದರು, ಸೇರಿಯೇ ಸರ್ಕಾರ ಮಾಡಿದರು. ಟೀವಿಯಲ್ಲಿ ನಾನೂ ನೋಡಿದೆ. ಪ್ರಮಾಣವಚನಕ್ಕೆ ಕುರ್ಚಿ ನಿನ್ನದೇ ಎಂದು ಆಸೆ ಹುಟ್ಟಿಸಿದ್ದರಂತೆ. ಬೇರೆ ಊರಿನ ದೊಡ್ಡ ಕಂಪನಿಯ ಲಾರಿಗಳಲ್ಲಿ ಮೆತ್ತೆಯ ಕುರ್ಚಿಗಳು ಬಂದಿಳಿದವು. ನಿನಗೆ ಒಳಗೆ ಹೋಗಲು ಪಾಸೂ ಸಿಗಲಿಲ್ಲ. ಆಮೇಲೆ ತಾನೇ ನೀನು ಹೆಂಡತಿಯ ತವರಿನ ದಾರಿ ಹಿಡಿದದ್ದು? ಮಾಮ ಸತ್ತಾಗ ಬಾರದ ದುಃಖ ಪಾಸು ಸಿಗದಿದ್ದಾಗ ಬಂತು. ಶಹಬ್ಬಾಸ್!

ಇನ್ನು ಆ ಬಣ್ಣ. ಅಂಗಡಿಯ ಬೀಗ ತೆಗೆದು ಒಳಗೆ ಕಾಲಿಟ್ಟರೆ, ಒಂದೂ ಬಿಡದೆ ಎಲ್ಲ ಕುರ್ಚಿಯ ಬೆನ್ನಿಗೂ ನಿನ್ನ ಪಕ್ಷದ ನೇರಳೆ ಬಣ್ಣ ಬಳಿದಿದ್ದೀಯ. ಅಪ್ಪ ಕೂತುಕೊಂಡು ಒಂದೊಂದಕ್ಕೂ ಹಾಕಿದ್ದ ಅಂಗಡಿಯ ಗುರುತು ಅದರ ಕೆಳಗೆ ಮುಳುಗಿಹೋಗಿದೆ. ಪಕ್ಷದವರು ಬೆನ್ನು ತಟ್ಟಿದರಂತೆ. ಈಗ ಅದೇ ಪಕ್ಷದವರು, ಎದುರು ಪಕ್ಷದವರೊಡನೆ ಸೇರಿರುವುದರಿಂದ, ಈ ಬಣ್ಣದ ಕುರ್ಚಿ ಬೇಡ, ಅಸಹ್ಯವಾಗುತ್ತದೆ ಎನ್ನುತ್ತಾರಂತೆ. ಮದುವೆಯವರು ಬೇಡ ಎನ್ನುತ್ತಾರೆ, ಶಾಲೆಯವರು ಬೇಡ ಎನ್ನುತ್ತಾರೆ. ಥಿನ್ನರ್ ಹಾಕಿ ಉಜ್ಜಿ ನೋಡಿದೆ. ಪ್ಲಾಸ್ಟಿಕ್ಕೇ ಕರಗಿ ಅಂಟಂಟಾಯಿತು, ಬಣ್ಣ ಹೋಗಲಿಲ್ಲ. ನನ್ನ ಉಗುರುಗಳು ಇನ್ನೂ ನೇರಳೆಯಾಗಿವೆ. ಮತ ಹಾಕಿದ ಬೆರಳಿನ ಶಾಯಿ ಕೂಡ ಇಷ್ಟು ದಿನ ಇರುವುದಿಲ್ಲ.

ನೀನು ಮತ ಹಾಕಿದ್ದಕ್ಕೆ ನನಗೆ ಸಿಟ್ಟಿಲ್ಲ. ಯಾರಿಗೆ ಬೇಕಾದರೂ ಹಾಕು, ಕೂಗು, ಬ್ಯಾನರ್ ಕಟ್ಟು. ನಾನೂ ಒಂದು ಪಕ್ಷಕ್ಕೇ ಹಾಕಿಕೊಂಡು ಬಂದವಳು, ಅದು ಯಾವುದೆಂದು ನಿನಗೆ ಇವತ್ತಿನವರೆಗೂ ಹೇಳಿಲ್ಲ. ಆದರೆ ಅಳುವವರು ಯಾವ ಪಕ್ಷ ಎಂದು ನೋಡಿ ಕೂರಿಸುವ ಬುದ್ಧಿ ನಿನಗೆ ಯಾರು ಕೊಟ್ಟರೋ?

ಕಳೆದ ಭಾನುವಾರ ಅತ್ತೆಯ ಮನೆಯಲ್ಲಿ ಮಾಮನನ್ನು ನೆನೆಯಲು ಎಲ್ಲರೂ ಸೇರುವವರಿದ್ದರು. ಅವರು ಬೇರೆ ಅಂಗಡಿಗೆ ಹೇಳುವ ಮೊದಲೇ, ಬೆಳಿಗ್ಗೆ ಎದ್ದವಳೇ ನಾನು ಗಾಡಿಗೆ ಕುರ್ಚಿ ಏರಿಸಿದೆ. ಆ ನೇರಳೆ ಬೆನ್ನುಗಳನ್ನು ಆ ಮನೆಯ ಮುಂದೆ ಹೇಗೆ ಸಾಲಾಗಿ ಇಡುವುದು? ಅಟ್ಟದ ಮೇಲಿಂದ ಬಿಳಿ ಗೌಸುಗಳ ಗಂಟು ಇಳಿಸಿದೆ. ಮಾಮ ಹೊಲಿದ ಗೌಸುಗಳು. ನೀನು ಬಳಿದದ್ದನ್ನು ಅವನೇ ಬಂದು ಮುಚ್ಚಬೇಕಾಯಿತು ಕಣೋ, ತನ್ನ ಮನೆಯ ಸಾವಿಗೆ ಬಂದವರನ್ನು ಕೂರಿಸಲು. ಗಾಡಿ ಬೀದಿಯ ಮಧ್ಯದಲ್ಲಿ ಸಿಕ್ಕಿಕೊಂಡಾಗ ಮಾಮನ ಮಗ ಓಡಿಬಂದು ಇನ್ನೊಂದು ಕಡೆ ಕೈ ಹಾಕಿದ. ಇಬ್ಬರೂ ಸೇರಿ ಗೌಸು ತೊಡಿಸಿದೆವು.

ಅತ್ತೆ ಹೊರಗೆ ಬಂದಳು. ಒಂದು ಗೌಸಿನ ಅಂಚನ್ನು ಮಗುಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಬೆರಳಲ್ಲಿ ಸವರಿದಳು. ಆಮೇಲೆ ಬಾಗಿಲ ಪಕ್ಕದ ಕುರ್ಚಿಯ ಗೌಸನ್ನು ಮೆಲ್ಲಗೆ ಕಳಚಿ ಮಡಚಿಟ್ಟಳು. ನೇರಳೆ ಬೆನ್ನು ಎಲ್ಲರಿಗೂ ಕಾಣುವಂತಾಯಿತು. “ಇದು ಹೀಗೇ ಇರ್ಲಿ. ಬುಗುರಿ ಬಂದ್ರೆ ಕೂರ್ಲಿ. ಅವನದ್ದು ಅಂತ ಅವನಿಗೆ ಗೊತ್ತಾಗ್ಬೇಕಲ್ಲ” ಎಂದಳು. ಅದು ಕೋಪವೋ ಅಕ್ಕರೆಯೋ ನನಗೆ ತಿಳಿಯಲಿಲ್ಲ.

ಜನ ಬಂದರು. ಕುರ್ಚಿ ಸಾಲದೆ ಕೆಲವರು ನಿಂತರು. ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ, ಸುತ್ತಿಕೊಂಡು ಹೋದರು. ಸಂಜೆ ಎಲ್ಲವನ್ನೂ ಗಾಡಿಗೆ ಏರಿಸುವಾಗ ಅದನ್ನೂ ಎತ್ತಲು ಹೋದೆ. ಅತ್ತೆ ಕೈ ಅಡ್ಡ ಇಟ್ಟಳು.

ಈಗ ಅದು ಮಾಮನ ಹೊಲಿಗೆ ಯಂತ್ರದ ಪಕ್ಕದಲ್ಲಿ, ಬಾಗಿಲಿಗೆ ಮುಖ ಮಾಡಿಕೊಂಡು ಇದೆ. ಬೆಳಿಗ್ಗೆ ಕಸ ಗುಡಿಸುವಾಗ ಅತ್ತೆ ಅದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುವುದು ನನಗೆ ಅಂಗಡಿಯಿಂದ ಕಾಣುತ್ತದೆ. ಅಂಗಡಿಯ ಬೀಗ ಬದಲಾಯಿಸಿದ್ದೇನೆ, ಬೀಗದ ಕೈ ನನ್ನ ಬಳಿ ಇದೆ. ನೀನು ಬಂದು ನನ್ನ ಕಾಲು ಹಿಡಿದರೂ ಕೊಡುವುದಿಲ್ಲ. ಮೊದಲು ಬೀದಿಯ ಆಚೆ ಹೋಗು. ಆ ಕುರ್ಚಿಯಲ್ಲಿ ಕೂರು. ಅತ್ತೆ ಬೈದರೆ ಬೈಸಿಕೋ, ಅತ್ತರೆ ಜೊತೆಗೆ ಅಳು, ಏನೂ ಮಾತಾಡದಿದ್ದರೆ ಅದನ್ನೂ ತಡೆದುಕೋ. ಅವಳು ಏಳು ಎಂದ ಮೇಲೆ ಎದ್ದು, ಆ ಕುರ್ಚಿಯನ್ನು ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರಿಗೆ, ತಲೆಯ ಮೇಲೆ ಹೊತ್ತುಕೊಂಡು ಬಾ. ಶಟರ್ ನಾನು ಎತ್ತಿ ಹಿಡಿದಿರುತ್ತೇನೆ.

ದೇವರು ನಿನ್ನ ಕಾಲಿಗೆ ಆ ಒಂದು ಬೀದಿ ದಾಟುವಷ್ಟು ಬಲ ಕೊಡಲಿ.

ಬೈಯುವುದನ್ನು ಇನ್ನೂ ಮುಗಿಸದ,
ನಿನ್ನ ಅಕ್ಕ