ಚಹಾ ಬಂದಾನ

ಧಾರವಾಡ, ಜೂನ್ ೧೯೮೯

ತೀರ್ಥರೂಪ ಅಪ್ಪನವರಿಗೆ,

...‘ನಗೋ ಮಂದಿ ಇದ್ದಲ್ಲಿ ಸೇರ್ಕೊ’ ಎಂದು ನಮ್ಮ ಜುಗೂಳದಲ್ಲಿ ಬಸ್ಸು ಬಿಡುವಾಗ ಅಂದಿರಲ್ಲ, ಕೊಲ್ಹಾಪುರ, ಧಾರವಾಡ ಎರಡೂ ಊರಲ್ಲಿ ನಗುತ್ತಾರೆ, ನನ್ನ ಮಾತಿಗೆ. ಕೊಲ್ಹಾಪುರದ ಹಾಸ್ಟೆಲಿನಲ್ಲಿ ಚಹಾ ಬಂತೆನ್ನಲು ‘ಚಹಾ ಆಲಂ’ ಎಂದೆ. ಮರಾಠಿಯಲ್ಲಿ ಚಹಾ ಗಂಡಸಂತೆ, ‘ಆಲಾ’ ಎನ್ನಬೇಕಂತೆ. ಹುಡುಗಿಯರು ನನ್ನನ್ನು ‘ಕಾನಡಿ’ ಎಂದು ಕರೆದರು. ಚಹಾ ಗಂಡಸೆಂದೇ ಬಾಯಿಪಾಠ ಮಾಡಿಕೊಂಡು ಇಲ್ಲಿಗೆ ಬಂದವಳು ‘ಚಹಾ ಬಂದಾನ’ ಎಂದುಬಿಟ್ಟೆ. ‘ಯಾವಾಂವ ಬಂದಾನ ಬೇ, ನಿನ್ನ ಗಂಡನೇನ?’ ಎಂದು ಇಲ್ಲಿಯ ಹುಡುಗಿಯರು ನಕ್ಕರು. ಇಲ್ಲಿ ನಾನು ‘ಮರಾಠಿ’.

ಎಂ.ಎ.ಗೆ ಎಲ್ಲಿ ಸೇರಲೆಂದು ತಿಳಿಯದು. ಸದ್ಯಕ್ಕೆ ಹಾಸಿಗೆ ಕಳಿಸಬೇಡಿ.

ಅವ್ವ ಕೊಲ್ಹಾಪುರದಿಂದ ನಮ್ಮ ಮನೆಗೆ ಸೊಸೆಯಾಗಿ ಬಂದವಳು. ಸಾಯುವವರೆಗೂ ಚಹಾ ತಂದರೆ ಮಾತಾಡದೆ ಕಟ್ಟೆಯ ಮೇಲಿಟ್ಟು ಒಳಗೆ ಹೋಗುತ್ತಿದ್ದಳು. ಯವ್ವಾ, ನಿನ್ನ ಮಾತಿಗೂ ನಮ್ಮ ಮನ್ಯಾಗ ಯಾರರ ನಕ್ಕಿದ್ರೇನ?

ಮಗಳು ಸುಗಂಧಾ