ಊರುಗೋಲಿನ ಬುಷ್

ಮಾವನವರಿಗೆ ನಮಸ್ಕಾರ.

ಖರ್ಚು ಮೊದಲು ಹೇಳಿಬಿಡುತ್ತೇನೆ: ರಬ್ಬರಿಗೆ ಬೆರೆಸುವ ಮಸಿಪುಡಿ ಎರಡು ಮೂಟೆ, ನನ್ನ ಒಂದು ಒಳ್ಳೆಯ ಸೀರೆ, ನೀವು ಮಾತುಬಿಟ್ಟ ಮೂರು ವಾರ. "ಮಸಿ ಹೆಚ್ಚಿದಷ್ಟೂ ರಬ್ಬರ್ ಗಟ್ಟಿ ಕಣಮ್ಮ. ಈ ಸಲವೂ ಆಸ್ಪತ್ರೆ ಆರ್ಡರ್ ತಪ್ಪಿದರೆ ರಬ್ಬರ್ ಮಿಲ್ ಮಾರಿಬಿಡ್ತೀನಿ" ಅಂದಿದ್ದಿರಿ. ಗಟ್ಟಿಯೇನೋ ಆಯಿತು, ಆದರೆ ಬಗ್ಗಿಸಿದರೆ ಸೀಳಿತು. ಮಸಿ ತೀರಾ ಕಮ್ಮಿ ಮಾಡಿದರೆ ಸವೆಯಿತು. ಕೊನೆಗೆ ಎರಡು ಜಾತಿಯ ರಬ್ಬರ್ ಬೆರೆಸಿ, ನಿಮ್ಮ ಅಳತೆಯ ಅರ್ಧದಷ್ಟೇ ಮಸಿ ಹಾಕಿದೆ; ನೀವು ಮಾತುಬಿಟ್ಟದ್ದು ಅದಕ್ಕೇ.

ನಿನ್ನೆ ಆಸ್ಪತ್ರೆಯ ಪರೀಕ್ಷಕರು ಊರುಗೋಲಿನ ತುದಿಗೆ ಹಾಕುವ ನಮ್ಮ ರಬ್ಬರ್ ಬುಷ್ಷನ್ನು ಎಳೆದೆಳೆದು ಸುಸ್ತಾದರು. "ಇದೂ ನಿಮ್ಮ ಹಾಗೇ ಅಮ್ಮ, ಬಗ್ಗುತ್ತೆ, ಹರಿಯಲ್ಲ" ಅಂದರು. ವರ್ಷದ ಆರ್ಡರ್ ನಮಗೇ.

ಜೊತೆಗೆ ನಿಮ್ಮ ಕೋಲಿಗೆ ಒಂದು ಬುಷ್ ಕಳಿಸಿದ್ದೇನೆ. ಜಾರಿ ಬಿದ್ದಂದಿನಿಂದ ನೀವು ಹತ್ತದ ಮಿಲ್ಲಿನ ಮೆಟ್ಟಿಲನ್ನು ಹತ್ತಿ ಬಂದು, ಎದುರಿಗೇ ಬಯ್ಯಿರಿ.

ಲಾಭ ಇಷ್ಟು: ಆಸ್ಪತ್ರೆಗೆ ಜಾರದ ಕೋಲು, ನನಗೆ ಮಿಲ್ಲು, ನಿಮಗೆ ಮೆಟ್ಟಿಲು.

ನಿಮ್ಮ ಹಠಮಾರಿ ಸೊಸೆ