ನೆಟ್ಟಗೆ ನಿಂತ ಗೋಡೆಯ ಅಪರಾಧ

ಮಾನ್ಯ ಖಾಜಿ ಸಾಹೇಬರೇ,

ನಮ್ಮ ಅರ್ಮೇನಿಯನ್ ಕೇರಿಯ ಇಗರ್ಜಿಯ ಉತ್ತರದ ಗೋಡೆಯನ್ನು ಈ ಶುಕ್ರವಾರ ಕೆಡವಬೇಕೆಂದು ತಾವು ಆಜ್ಞೆ ಮಾಡಿದ್ದೀರಿ. ಗೋಡೆ ಮಾಡಿದ ತಪ್ಪು ಒಂದೇ, ನೆಟ್ಟಗೆ ನಿಂತಿದೆ. ಅದನ್ನು ಕಟ್ಟಿದವನು ನಾನು. ಈ ಪತ್ರವನ್ನು ಮೊದಲು ಕಾಫಿ ಅಂಗಡಿಯಲ್ಲಿ ಗಟ್ಟಿಯಾಗಿ ಓದಿಸಿ ಆಮೇಲೆ ಕಳುಹಿಸುತ್ತಿದ್ದೇನೆ. ತಮ್ಮ ಕಚೇರಿಯಲ್ಲಿ ಕಾಗದಗಳು ಕಳೆದುಹೋಗುವುದುಂಟು.

ಹಳೆಯ ಗೋಡೆ ನೆರೆಯ ಹಾಜಿ ದುರ್ಸುನ್ ಅವರ ಅಂಗಳದ ಕಡೆಗೆ ಒಂದು ಮೊಳ ವಾಲಿತ್ತು. ಮೂರು ಚಳಿಗಾಲಗಳ ಹಿಂದೆ ಹಿಮದ ಭಾರಕ್ಕೆ ಕುಸಿಯಿತು. ಕ್ರೈಸ್ತರು ಹೊಸ ಇಗರ್ಜಿ ಕಟ್ಟುವಂತಿಲ್ಲ, ಹಳೆಯದನ್ನು ಅಪ್ಪಣೆ ಪಡೆದು ರಿಪೇರಿ ಮಾಡಬಹುದು. ಕಾದೆವು. ಕೊನೆಗೆ ಸುಲ್ತಾನರ ಫರ್ಮಾನು ಬಂತು: ಮೊದಲಿದ್ದಂತೆಯೇ ಕಟ್ಟತಕ್ಕದ್ದು. ಅದೇ ಕಲ್ಲು, ಅದೇ ಉದ್ದ, ಅದೇ ಎತ್ತರ. ವಾಲಿಸಲು ಮಾತ್ರ ನನ್ನ ಕೈ ಬರಲಿಲ್ಲ.

ತಪಾಸಣೆಗೆ ಬಂದ ತಮ್ಮ ಅಮೀನರು ಮುಸ್ಲಿಂ ಸಾಕ್ಷಿ ಬೇಕೆಂದರು. ಮಹಾ ಜಾಣನಂತೆ ಹಾಜಿಯವರನ್ನೇ ಕರೆದೆ. ಅವರು ಸುಳ್ಳು ಹೇಳಿದ್ದನ್ನು ಊರಲ್ಲಿ ಯಾರೂ ಕೇಳಿಲ್ಲ. ನಾನು ಅದನ್ನೇ ಯೋಚಿಸಬೇಕಿತ್ತು.

"ಮೊದ್ಲು ಹೀಗೇ ಇತ್ತಾ ಹಾಜಿ?"

"ಹೀಗೆಲ್ಲಿತ್ತು ಅಮೀನ್ ಸಾಹೇಬ್ರೇ! ಯಾವಾಗ ಮೈಮೇಲೆ ಬೀಳುತ್ತೋ ಅಂತ ನನ್ನ ಕೋಳಿಗಳು ಮೊಟ್ಟೆ ಇಡೋದೇ ಬಿಟ್ಟಿದ್ವು. ಈಗ ನೋಡಿ, ನಮ್ಮ ಗರಬೇದ್ ಮೇಸ್ತ್ರಿ ಹೆಂಗ್ ನೆಟ್ಟಗೆ ನಿಲ್ಸಿದಾನೆ!"

ಅಮೀನರು ಬರೆದುಕೊಂಡರು: ಮೊದಲಿದ್ದಂತೆ ಇಲ್ಲ.

ವಾಲಿಸಿಯೇ ಕಟ್ಟು ಎನ್ನುವುದಾದರೆ ಎಷ್ಟು ವಾಲಿಸಲಿ, ಸಾಹೇಬರೇ? ನಮ್ಮಜ್ಜನ ಕಾಲದಷ್ಟೋ, ಬೀಳುವ ಹಿಂದಿನ ದಿನದಷ್ಟೋ? ಬಿದ್ದ ದಿನದ್ದೇ ಬೇಕೆಂದರೆ ಕೆಲಸ ಬಹಳ ಸುಲಭ.

ತಮಾಷೆ ಮಾಡುತ್ತಿದ್ದೇನೆ, ಆದರೆ ನನಗೆ ನಿಜವಾಗಿ ಹೆದರಿಕೆಯಾಗಿದೆ. ಗೋಡೆ ಹೋದರೆ ಸೂರೂ ಹೋಗುತ್ತದೆ. ಇನ್ನೊಂದು ಫರ್ಮಾನು ಬರುವವರೆಗೆ ನಮ್ಮ ಮುದುಕರು ಹಿಮದಲ್ಲಿ ನಿಂತು ಪ್ರಾರ್ಥಿಸಬೇಕು. ಎಷ್ಟು ಜನ ಉಳಿದಾರು?

ನಿನ್ನೆಯಿಂದ ಹಾಜಿಯವರು ಆ ಗೋಡೆಯ ಬುಡದಲ್ಲಿ ಚಾಪೆ ಹಾಸಿ ಕೂತಿದ್ದಾರೆ. ಐದು ಹೊತ್ತಿನ ನಮಾಜೂ ಅಲ್ಲೇ. ಮೆಕ್ಕಾದ ಕಡೆ ತಿರುಗಿದರೆ ಎದುರಿಗೆ ನಮ್ಮ ಗೋಡೆಯೇ.

"ಏಳಿ ಹಾಜಿ, ಚಳಿ ಹಿಡಿಯುತ್ತೆ" ಅಂದೆ.

"ಸುಮ್ನಿರೋ. ನನ್ ಬಾಯಿಂದ ಕೆಟ್ಟಿದ್ದು. ಕೆಡವೋರು ಮೊದ್ಲು ನನ್ನ ಎತ್ತಲಿ."

ಆದ್ದರಿಂದ ಆಜ್ಞೆಯನ್ನು ರದ್ದು ಮಾಡಿ. ಆಗದಿದ್ದರೆ ಶುಕ್ರವಾರ ಹಾರೆಯವರ ಜೊತೆ ತಾವೇ ಬಂದು, ನಮಾಜಿಗೆ ಕೂತ ಹಾಜಿಯವರನ್ನು ತಮ್ಮ ಕೈಯಾರೆ ಎಬ್ಬಿಸಬೇಕು. ಬೇರೆ ಯಾರೂ ಒಪ್ಪುತ್ತಿಲ್ಲ. ತಮ್ಮ ಅಮೀನರನ್ನೂ ಕೇಳಿ ನೋಡಿದೆ. ಶುಕ್ರವಾರ ಅವರಿಗೆ ಬೆನ್ನುನೋವು ಇರುತ್ತದಂತೆ.

ಇಂತಿ,
ಸೊಟ್ಟ ಗೋಡೆ ಕಟ್ಟಲು ಈ ವಯಸ್ಸಿಗೂ ಕಲಿಯದ
ಗರಬೇದ್ ಮೇಸ್ತ್ರಿ